ಕಲಮಿನ ಒಂದು ಪದ, ತಂದೆಯ ಒಂದು ತಿಂಗಳು

ಸ್ನಾತಕೋತ್ತರ ಪದವಿಗೆ ಮಕ್ಕಳ ಹಾಗೂ ಕುಟುಂಬ ನೀತಿಯನ್ನು ಆರಿಸಿಕೊಂಡಾಗ, ಮಕ್ಕಳ ಮನಸ್ಸಿನ ಬಗ್ಗೆಯೇ ಹೆಚ್ಚು ಓದಬೇಕಾಗುತ್ತದೆ ಎಂದುಕೊಂಡಿದ್ದೆ. ಮೊದಲ ಸೆಮಿಸ್ಟರಿನ ಬಹುಪಾಲು ಕಳೆದದ್ದು ಕಾಯ್ದೆಗಳ ಕಲಮು, ಉಪಕಲಮುಗಳನ್ನು ಬಿಡಿಸಿ ಓದುವುದರಲ್ಲಿ. ಆಗ ಆಕಳಿಕೆ ತರಿಸುತ್ತಿದ್ದ ಆ ಓದೇ ಈಗ ನನಗೆ ಈ ವಿಷಯದ ಜೀವಾಳವೆನಿಸಿದೆ.

1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನೇ ನೋಡಿ. ಅದರ 3ನೇ ವಿಧಿಯ ಪ್ರಕಾರ ಮಗುವಿನ ಹಿತವು ಪ್ರಮುಖ ಪರಿಗಣನೆಗಳಲ್ಲಿ ಒಂದು. ದತ್ತು ಸ್ವೀಕಾರವನ್ನು ಕುರಿತ 21ನೇ ವಿಧಿಯಲ್ಲಿ ಮಾತ್ರ ಅದೇ ಹಿತವು ಎಲ್ಲಕ್ಕಿಂತ ಮಿಗಿಲಾದ ಪರಿಗಣನೆ. ವ್ಯತ್ಯಾಸ ಕೂದಲೆಳೆಯಷ್ಟೇ ಎನಿಸಬಹುದು. ಆದರೆ ಮೊದಲನೆಯದು ಇತರ ಹಿತಗಳನ್ನೂ ತಕ್ಕಡಿಯಲ್ಲಿಟ್ಟು ತೂಗಲು ಎಡೆಕೊಡುತ್ತದೆ, ಎರಡನೆಯದು ಕೊಡುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಸ್ವೀಡನ್ನಿನ ಉದಾಹರಣೆ. 1974ರಲ್ಲಿ ಆ ದೇಶವು ತಾಯಿಗಷ್ಟೇ ಸಿಗುತ್ತಿದ್ದ ಹೆರಿಗೆ ರಜೆಯ ಬದಲಿಗೆ ತಂದೆತಾಯಿ ಇಬ್ಬರೂ ಹಂಚಿಕೊಳ್ಳಬಹುದಾದ ವೇತನಸಹಿತ ಪಾಲನಾ ರಜೆಯನ್ನು ತಂದಿತು. ಒಬ್ಬರ ಪಾಲಿನ ದಿನಗಳನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಅವಕಾಶವಿದ್ದುದರಿಂದ, ಕಾನೂನಿನ ಕಣ್ಣಿಗೆ ಇಬ್ಬರೂ ಸಮಾನರಾಗಿದ್ದರೂ, ರಜೆಯ ಬಹುಪಾಲು ತಾಯಂದಿರ ಹೆಸರಿನಲ್ಲೇ ಉಳಿಯಿತು. 1995ರಲ್ಲಿ ಇಬ್ಬರಿಗೂ ತಲಾ ಒಂದು ತಿಂಗಳನ್ನು ವರ್ಗಾಯಿಸಲಾಗದಂತೆ ಮೀಸಲಿಟ್ಟ ಮೇಲೆ, ಅಂದರೆ ತಂದೆ ಬಳಸದಿದ್ದರೆ ಆ ತಿಂಗಳು ಕುಟುಂಬದ ಕೈತಪ್ಪುವಂತಾದ ಮೇಲೆ, ರಜೆ ಪಡೆಯುವ ತಂದೆಯರ ಸಂಖ್ಯೆ ಗಮನಾರ್ಹವಾಗಿ ಏರಿತು. 2002ರಲ್ಲಿ ಎರಡನೆಯ ತಿಂಗಳು, 2016ರಲ್ಲಿ ಮೂರನೆಯದು ಸೇರಿ ಮೀಸಲು 90 ದಿನಗಳಾಯಿತು.

ಕುಟುಂಬದ ಆಯ್ಕೆಯಲ್ಲಿ ಸರ್ಕಾರವು ಹೀಗೆ ಕೈಹಾಕಬಹುದೇ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ವಾದಿಸಿದೆವು. ಹಂಚಿಕೆಯನ್ನು ಮನೆಗೇ ಬಿಟ್ಟಾಗ ನಡೆಯುವುದು ಆಯ್ಕೆಗಿಂತ ಹೆಚ್ಚಾಗಿ ರೂಢಿ ಎಂಬುದು ನನ್ನ ನಿಲುವು. (ನನ್ನ ಎದುರು ವಾದಿಸಿದ ಸಹಪಾಠಿ ಇಂದಿಗೂ ಒಪ್ಪಿಲ್ಲ.) ಆದರೂ ನನ್ನ ಉತ್ಸಾಹಕ್ಕೆ ತಣ್ಣೀರೆರಚಿದ್ದು 1995ರ ಬದಲಾವಣೆಯ ಮೇಲಿನ ಒಂದು ವಿಶ್ಲೇಷಣೆ: ಮೀಸಲು ತಿಂಗಳಿನಿಂದ ಶಿಶುಪಾಲನೆಯ ರಜೆಯಲ್ಲಿ ತಂದೆಯರ ಪಾಲು ಹೆಚ್ಚಿತಾದರೂ, ಮಗು ಮುಂದೆ ಕಾಯಿಲೆ ಬಿದ್ದಾಗ ಅದನ್ನು ನೋಡಿಕೊಳ್ಳಲು ಪಡೆಯುವ ರಜೆಯಲ್ಲಿ ಅವರ ಪಾಲು ಹೆಚ್ಚಿದ್ದು ಅಲ್ಲಿ ಕಂಡುಬರಲಿಲ್ಲ.

ಮಗುವಿಗೆ ಜ್ವರ ಬಂದ ದಿನ ಕೆಲಸ ಬಿಟ್ಟು ಮನೆಯಲ್ಲಿ ಉಳಿಯುವವರು ಯಾರು ಎಂಬ ಈ ಪ್ರಶ್ನೆಯನ್ನೇ ನನ್ನ ಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ವ್ಯಾಪ್ತಿ ತೀರಾ ಕಿರಿದಾಯಿತೆಂದು ಮಾರ್ಗದರ್ಶಕರು ಹೇಳುತ್ತಿದ್ದಾರೆ. ನನಗೇನೋ ಇನ್ನೂ ಸ್ವಲ್ಪ ಕಿರಿದಾಗಿಸಬೇಕೆನಿಸುತ್ತಿದೆ.