ಅರ್ಧ ಇಂಚು

ಅಪ್ಪ ಅಮೆರಿಕಕ್ಕೆ ಬಂದು ನಾಲ್ಕು ದಿನ ಆಗಿತ್ತು. ರಾತ್ರಿ ನಿದ್ದೆ ಇನ್ನೂ ಸರಿಹೋಗಿರಲಿಲ್ಲ. ಬೆಳಗಿನ ಜಾವವೇ ಎದ್ದು, ಸ್ವೆಟರ್ ಹಾಕಿಕೊಂಡು, ಮನೆ ಮುಂದೆ ನಿಲ್ಲಿಸಿದ್ದ ನನ್ನ ಟ್ರಕ್ಕಿಗೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಅವತ್ತು ಕಾಫಿ ಕುಡಿಯುತ್ತಾ ಕೇಳಿದರು.

"ಅಲ್ಲ ಕಣೋ, ಗಾಡಿ ಮೂತಿ ಯಾಕೆ ಕೆಳಗಾಗಿದೆ?"

"ಪಿಕಪ್‌ಗಳು ಬರೋದೇ ಹಾಗೆ ಅಪ್ಪ. ಅದನ್ನೇ ಸರಿ ಮಾಡ್ಬೇಕು ಅಂತಿದೀನಿ. ಮುಂದೆ ಎತ್ತರಿಸಿ ಸಮ ಮಾಡೋದು. ಹೊಸ ವೀಲು, ಟೈರೂ ತರಿಸಿದೀನಿ."

ಅಪ್ಪ ಲೋಟ ಕೆಳಗಿಟ್ಟರು. "ಸಮ ಮಾಡ್ಬಿಟ್ರೆ, ಲೋಡ್ ಹಾಕಿದಾಗ?"

ಅಪ್ಪ ತಿಪಟೂರಿನಲ್ಲಿ 22 ವರ್ಷ ಟಾಟಾ 407 ಓಡಿಸಿದವರು. ಸ್ವಂತ ಗಾಡಿ. ತೆಂಗಿನಕಾಯಿ, ಕೊಬ್ಬರಿ ಮೂಟೆ, ಸೀಸನ್ ಇಲ್ಲದಾಗ ಇಟ್ಟಿಗೆ. ನಮ್ಮ ಮನೆ ನಡೆದದ್ದು, ನಾನು ಇಂಜಿನಿಯರಿಂಗ್ ಓದಿದ್ದು, ತಂಗಿ ಮದುವೆ ಆಗಿದ್ದು, ಎಲ್ಲದರ ಭಾರವೂ ಆ ಗಾಡಿಯ ಹಿಂದಿನ ಪ್ಲೇಟುಗಳ ಮೇಲೇ ಬಿದ್ದಿತ್ತು. ಹಾಗಾಗಿ ಅವರು ಯಾವ ಗಾಡಿ ನೋಡಿದರೂ ಮೊದಲು ನೋಡೋದು ಅದು ಎಷ್ಟು ಹೊರುತ್ತೆ ಅಂತ.

ನಾನಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ನನ್ನದು 2018ರ ಫೋರ್ಡ್ ಎಫ್-150, ಫೋರ್ ವೀಲ್ ಡ್ರೈವ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಇದರ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗು, ಹಿಂದೆ 407ರ ಹಾಗೇ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗು. ಖಾಲಿ ಇದ್ದಾಗ ಹಿಂಭಾಗ ಎತ್ತರ ನಿಲ್ಲುತ್ತದೆ. ಸಾಮಾನು ತುಂಬಿದರೆ, ಟ್ರೈಲರ್ ಕಟ್ಟಿದರೆ ಹಿಂದೆ ಕೂತು ಗಾಡಿ ಸಮ ಆಗುತ್ತದೆ. ಕಂಪನಿಯವರು ಬೇಕು ಅಂತಲೇ ಹಾಗೆ ಮಾಡಿರುತ್ತಾರೆ. ಆದರೆ ಇಲ್ಲಿ ತುಂಬಾ ಜನ ಪಿಕಪ್ಪನ್ನು ಖಾಲಿಯೇ ಓಡಿಸುತ್ತಾರೆ. ಮೂತಿ ತಗ್ಗಿಸಿದ ಹಾಗೆ ಕಾಣೋದು ಅವರಿಗೆ ಇಷ್ಟ ಆಗಲ್ಲ. ನನಗೂ ಇಷ್ಟ ಇರಲಿಲ್ಲ. ಮುಂದಿನ ಮಡ್‌ಗಾರ್ಡ್ ಕೆಳಗೆ ದಪ್ಪ ಟೈರಿಗೆ ಜಾಗವೂ ಬೇಕಿತ್ತು.

ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಎರಡೂವರೆ ಇಂಚಿನ ಲೆವೆಲಿಂಗ್ ಕಿಟ್ ಆರಿಸಿಟ್ಟಿದ್ದೆ. ದುಡ್ಡು ಕಟ್ಟುವುದೊಂದು ಬಾಕಿ. "ಮೊದಲು ಟೇಪ್ ತಗೊಂಡು ಬಾ" ಅಂದರು.

ಇಬ್ಬರೂ ಅಳೆದೆವು. ನೆಲದಿಂದ ಮಡ್‌ಗಾರ್ಡಿನ ಅಂಚಿಗೆ, ಚಕ್ರದ ನಡು ಮಧ್ಯದ ನೇರಕ್ಕೆ. ಮುಂದೆ 37 ಇಂಚು, ಹಿಂದೆ 39. ಎರಡು ಇಂಚು ವ್ಯತ್ಯಾಸ. ಎರಡೂವರೆ ಹಾಕಿದ್ದರೆ ಖಾಲಿ ಗಾಡಿಯಲ್ಲೇ ಮುಂದೆ ಅರ್ಧ ಇಂಚು ಮೇಲಾಗುತ್ತಿತ್ತು. ಅಳೆಯದೇ ಹೋಗಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ.

"ಒಂದೂವರೆ ಹಾಕು. ಅರ್ಧ ಇಂಚು ಹಿಂದಕ್ಕೆ ಬಿಡು" ಅಂದರು ಅಪ್ಪ. "ಕಣ್ಣಿಗೆ ಸಮ ಕಾಣುತ್ತೆ. ಗಾಡಿಗೂ ಉಸಿರಾಡೋಕೆ ಜಾಗ ಇರುತ್ತೆ."

ಒಂದೂವರೆ ಇಂಚಿನದ್ದೇ ತರಿಸಿದೆ. ಮುಂದೆ ಜಾಸ್ತಿ ಎತ್ತುವ ಹುಚ್ಚು ಈ ಕಡೆ ಬಹಳ ಇತ್ತು. ಹಿಂಭಾಗ ನೆಲಕ್ಕೆ ಕೂರಿಸಿ, ಮೂತಿ ಆಕಾಶಕ್ಕೆ ಎತ್ತಿ ಓಡಿಸುತ್ತಿದ್ದರು. ಅದನ್ನು ಕ್ಯಾರೊಲಿನಾ ಸ್ಕ್ವಾಟ್ ಅಂತಲೇ ಕರೆಯುತ್ತಾರೆ. ಅಂಥ ಗಾಡಿಯಲ್ಲಿ ಕೂತವನಿಗೆ ಎದುರಿಗೆ ನಡೆಯುತ್ತಿರುವ ಮಗು ಕಾಣಲ್ಲ. ಮುಂದಿನ ಮಡ್‌ಗಾರ್ಡ್ ಹಿಂದಿನದಕ್ಕಿಂತ 4 ಇಂಚು ಅಥವಾ ಅದಕ್ಕೂ ಜಾಸ್ತಿ ಎತ್ತರ ಇರಬಾರದು ಅಂತ 2021ರ ಡಿಸೆಂಬರ್‌ನಿಂದ ನಮ್ಮ ರಾಜ್ಯದಲ್ಲಿ ಕಾನೂನೇ ಬಂತು. ಒಳ್ಳೆಯ ಕೆಲಸ ಮಾಡಿದರು.

ಕಿಟ್ ಬಂದಾಗ ಅಪ್ಪ ಸ್ಪೇಸರನ್ನು, ಅಂದರೆ ಎತ್ತರಿಸಲು ನಡುವೆ ಕೂರಿಸುವ ಬಿಲ್ಲೆಯನ್ನು, ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ದಪ್ಪ ಒಂದು ಇಂಚೂ ಇಲ್ಲ. "ಒಂದೂವರೆ ಅಂದ್ಯಲ್ಲೋ?" ಅಂದರು. ನಾನು ಚಕ್ರದ ಹಿಂದೆ ಟಾರ್ಚ್ ಬಿಟ್ಟು ತೋರಿಸಿದೆ. ಸ್ಪ್ರಿಂಗ್ ಇರುವ ಸ್ಟ್ರಟ್ ಕೂರುವುದು ಕೆಳಗಿನ ಆರ್ಮಿನ, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿರುವ ತೋಳಿನ, ನಡುವೆ. ಚಕ್ರ ಇರುವುದು ಅದೇ ಆರ್ಮಿನ ತುದಿಯಲ್ಲಿ. ನಡುವೆ ಸ್ವಲ್ಪ ತಳ್ಳಿದರೆ ತುದಿ ಜಾಸ್ತಿ ಸರಿಯುತ್ತದೆ.

"ಓ, ಏತ ಇದ್ದಂಗೆ" ಅಂದರು. ನಮ್ಮಜ್ಜನ ಬಾವಿ ಮೇಲೆ ಏತ ಇತ್ತಂತೆ. ಅಷ್ಟೇ, ಮುಂದೆ ಏನೂ ಹೇಳಬೇಕಾಗಲಿಲ್ಲ.

ಅಕ್ಟೋಬರ್ ಶನಿವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆವು. ಕೈ ಹಾಕುವ ಮೊದಲು ಗ್ಯಾರೇಜ್ ಬಾಗಿಲಿನಿಂದ 25 ಅಡಿ ದೂರಕ್ಕೆ ಟ್ರಕ್ ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಬೆಳಕಿನ ಮೇಲಂಚು ಬಾಗಿಲ ಮೇಲೆ ಎಲ್ಲಿ ಬೀಳುತ್ತೋ ಅಲ್ಲಿ ಟೇಪ್ ಅಂಟಿಸಿದೆ. ಆಮೇಲೆ ಹಿಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲ ಮಾಡಿ, ಜಾಕ್ ಏರಿಸಿ, ಚಾಸಿಯ ಕೆಳಗೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟೆ. ಅಪ್ಪ ಬಂಪರಿಗೆ ಭುಜ ಕೊಟ್ಟು ಎರಡು ಸಲ ಅಲ್ಲಾಡಿಸಿ ನೋಡಿದ ಮೇಲೇ ನನ್ನನ್ನು ಕೆಳಗೆ ಬಿಟ್ಟರು.

ಡ್ರೈವರ್ ಕಡೆಯದು ಮೊದಲು. ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಕೀಲು, ಬಾಲ್ ಜಾಯಿಂಟ್, ಬಿಡಿಸುವಾಗ ಒಂದು ತೊಡಕಾಯಿತು. ನಟ್ಟು ಸಡಿಲವಾದರೂ ಅದರ ಕಡ್ಡಿ ಒಳಗೆ ಕಚ್ಚಿಕೊಂಡಿತ್ತು. ತುದಿಗೆ ಸಣ್ಣಗಾಗುತ್ತಾ ಹೋಗುವ ಟೇಪರ್ ಅಲ್ವಾ, ಬಿಡಲ್ಲ. ನಾನು ಕೆಳಗಿನಿಂದ ಬಡಿಯೋಕೆ ಸುತ್ತಿಗೆ ಎತ್ತಿದೆ.

"ಬೋಲ್ಟಿಗೆ ಹೊಡೀಬೇಡ, ತಲೆ ಅರಳಿಬಿಡುತ್ತೆ! ನಟ್ಟು ಎರಡು ಸುತ್ತು ಹಾಗೇ ಇರಲಿ. ಅದನ್ನ ಹಿಡ್ಕೊಂಡಿರೋ ಕಬ್ಬಿಣದ ಪಕ್ಕಕ್ಕೆ ಹೊಡಿ."

ಮೂರನೇ ಏಟಿಗೆ ಠಣ್ ಅಂತ ಬಿಟ್ಟಿತು. ನಟ್ಟು ಇದ್ದಿದ್ದರಿಂದ ಚಕ್ರವನ್ನು ಹಿಡಿದಿರುವ ನಕಲ್ ಅನ್ನುವ ಭಾಗ ಕೆಳಗೆ ಬೀಳದೆ ಅಲ್ಲೇ ನಿಂತಿತು. ಅಪ್ಪನಿಗೆ ಈಗ 68. ಸ್ಟೂಲಿನ ಮೇಲೆ ಕೂತಲ್ಲಿಂದಲೇ ಹೇಳಿದ್ದು ಅಷ್ಟು. ನಾನು ಮೂರು ವಾರ ವಿಡಿಯೊ ನೋಡಿ ಕಲಿತದ್ದಕ್ಕಿಂತ ಅದು ಜಾಸ್ತಿ ಕೆಲಸಕ್ಕೆ ಬಂತು.

ಸ್ಟ್ರಟ್ ಹೊರಗೆ ತೆಗೆದು, ಅದರ ತಲೆಯ ಮೇಲೆ ಸ್ಪೇಸರ್ ಕೂರಿಸಿ, ಮತ್ತೆ ಒಳಗೆ ಏರಿಸಿದೆವು. ಈ ಥರದ ಕಿಟ್‌ನಲ್ಲಿ ಸ್ಪ್ರಿಂಗನ್ನು ಒತ್ತಿ ಬಿಚ್ಚುವ ಕೆಲಸ ಇರಲ್ಲ. ನಾನು ಇದನ್ನೇ ಆರಿಸಿದ್ದು ಅದಕ್ಕೇ. ಒತ್ತಿದ ಸ್ಪ್ರಿಂಗ್ ಕೈ ತಪ್ಪಿ ಹಾರಿದರೆ ಪ್ರಾಣವೇ ಹೋಗಬಹುದು. ಮನೆಯಲ್ಲಿ ಮಾಡುವವರು ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಎರಡನೇ ಕಡೆ ನನಗೆ ಸ್ವಲ್ಪ ಅವಸರ ಬಂತು. ನಕಲ್ ಹೊರಕ್ಕೆ ವಾಲಿತು. ಅದಕ್ಕೆ ಅಂಟಿಕೊಂಡಿದ್ದ ಬ್ರೇಕಿನ ಎಬಿಎಸ್ ವೈರು ತಂತಿ ಹಾಗೆ ಬಿಗಿಯಾಯಿತು. "ವೈರು! ವೈರು!" ಅಂತ ಅಪ್ಪ ಕೂಗಿ, ಎದ್ದು ಬಂದು, ಎರಡೂ ಕೈಯಲ್ಲಿ ನಕಲ್ ಹಿಡಿದು ನಿಂತರು. ಕ್ಲಿಪ್ ಬಿಡಿಸಿ ವೈರು ಸಡಿಲ ಮಾಡಿದೆ. ವೈರಿಗೆ ಏನೂ ಆಗಿರಲಿಲ್ಲ. ಇನ್ನೊಂದಕ್ಕೆ ಏಟಾಗಿತ್ತು, ಅದು ಆಗ ಗೊತ್ತಾಗಲಿಲ್ಲ.

ಮಧ್ಯಾಹ್ನ ಚಿತ್ರಾನ್ನ ತಿಂದು ವೀಲುಗಳಿಗೆ ಬಂದೆವು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ತುಂಬಾ ಜನ ತಪ್ಪು ಮಾಡುವುದು ಇಲ್ಲೇ. ನನ್ನ ಟ್ರಕ್ಕಿಗೆ ಆರು ಬೋಲ್ಟು. ಅವು ಕೂರುವ ವೃತ್ತದ ವ್ಯಾಸ 135 ಮಿಲಿಮೀಟರ್. ನಡುವಿನ ಹಬ್ 87.1 ಮಿಲಿಮೀಟರ್. ಇವು ಸರಿ ಹೊಂದಲೇಬೇಕು. ಆಮೇಲೆ ಬರುವುದು ಆಫ್‌ಸೆಟ್. ಅಂದರೆ ವೀಲಿನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಆಚೀಚೆ ಇದೆ ಅನ್ನುವ ಲೆಕ್ಕ. ಹಳೆಯ ವೀಲು ಏಳೂವರೆ ಇಂಚು ಅಗಲ, ಆಫ್‌ಸೆಟ್ ಪ್ಲಸ್ 44 ಮಿಲಿಮೀಟರ್, ಅಂದರೆ ಆ ಮುಖ ನಡುಗೆರೆಯಿಂದ ಅಷ್ಟು ಹೊರಗಡೆ. ಹೊಸದು 9 ಇಂಚು ಅಗಲ, ಪ್ಲಸ್ 18. ಲೆಕ್ಕ ಹಾಕಿದರೆ ಹೊಸ ವೀಲು 45 ಮಿಲಿಮೀಟರ್ ಹೊರಕ್ಕೆ ಬರುತ್ತದೆ. ಒಳಗಡೆ ಸಸ್ಪೆನ್ಷನ್‌ನಿಂದ 7 ಮಿಲಿಮೀಟರ್ ದೂರವೂ ಸರಿಯುತ್ತದೆ. ಅಗಲದ ವೀಲನ್ನು ಹಳೇ ಆಫ್‌ಸೆಟ್‌ನಲ್ಲೇ ತಂದರೆ ಹೆಚ್ಚಿದ ಅಗಲದ ಅರ್ಧ ಒಳಗೇ ಹೋಗುತ್ತದೆ, ಮೇಲಿನ ಆರ್ಮಿಗೆ ತಾಗುವ ಭಯ ಇರುತ್ತದೆ. ತೀರಾ ಹೊರಕ್ಕೆ ಬಂದರೆ ಬೇರಿಂಗಿಗೆ ಜಾಸ್ತಿ ಹೊರೆ. ಚೆಂದ ನೋಡಿ ವೀಲ್ ಕೊಳ್ಳುವ ಮೊದಲು ಕಾಗದದ ಮೇಲೆ ಹತ್ತು ನಿಮಿಷ ಈ ಲೆಕ್ಕ ಹಾಕಿ.

ಟೈರು 275/65 ಇದ್ದದ್ದು 275/70 ಆಯಿತು, ಎರಡೂ 18 ಇಂಚಿನ ವೀಲಿನವೇ. ಎತ್ತರ 32 ಇಂಚಿನಿಂದ 33ಕ್ಕೆ ಹೋಯಿತು. ಸ್ಪೀಡೋಮೀಟರ್ 60 ಮೈಲಿ ತೋರಿಸುವಾಗ ಗಾಡಿ ನಿಜವಾಗಿ ಓಡುವುದು 62ರಲ್ಲಿ.

ಹಬ್ ಮುಖದ ತುಕ್ಕನ್ನು ಅಪ್ಪ ವೈರ್ ಬ್ರಷ್‌ನಿಂದ ಉಜ್ಜಿದರು. ಲೋಹ ಬೆಳ್ಳಗೆ ಹೊಳೆಯುವ ತನಕ ಬಿಡಲಿಲ್ಲ. ನಟ್ಟುಗಳನ್ನು ಒಂದೊಂದಾಗಿ ಬೆರಳಲ್ಲೇ ಹತ್ತಿಸಿದರು. ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಲ್ಲ, 407ರ ಡಾಲಾ, ಅಂದರೆ ಹಿಂದಿನ ಬಾಗಿಲು, ಬಿದ್ದು ಹೋಗಿದ್ದು. ಆ ಹೆಬ್ಬೆರಳಿಂದಲೇ ನಟ್ಟನ್ನು ಕೊನೆ ತನಕ ತಿರುಗಿಸಿ, ಇನ್ನು ಹೋಗಲ್ಲ ಅನ್ನುವಾಗ ಒಂದು ಸಲ ಹಿಂದಕ್ಕೆ ಬಿಟ್ಟು ಮತ್ತೆ ಮುಂದಕ್ಕೆ. "ಕೈಯಲ್ಲಿ ಹತ್ತದ ನಟ್ಟಿಗೆ ಪಾನಾ ಹಾಕಿದ್ರೆ ಮರೆ ಹೋಗುತ್ತೆ" ಅಂತ ಗೊಣಗುತ್ತಿದ್ದರು.

ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ಕೊಟ್ಟೆ. 150 ಪೌಂಡ್-ಅಡಿಗೆ ಇಟ್ಟಿದ್ದೆ. ಅವರು ಅದನ್ನು ಯಾವತ್ತೂ ಹಿಡಿದವರಲ್ಲ. ಗಾಡಿಯಲ್ಲಿ ಪಾನಾ ಮೇಲೆ ಹತ್ತಿ ನಿಂತು ತುಳಿಯುವುದೇ ಅವರ ಅಳತೆ. ಮೊದಲನೇ ನಟ್ಟು ಟಕ್ ಅಂದಾಗ ಕೈ ತೆಗೆದು ನನ್ನ ಮುಖ ನೋಡಿದರು. "ಸಾಕು ಅಂತ ಅದೇ ಹೇಳುತ್ತಾ?" ಹೌದು ಅಂದೆ. ಒಂದು ಬಿಟ್ಟು ಎದುರಿನದು, ಅದರ ಎದುರಿನದು, ಹಾಗೇ ಆರು. ನಾಲ್ಕು ಚಕ್ರ, ಇಪ್ಪತ್ತನಾಲ್ಕು ನಟ್ಟು. ಒಂದನ್ನೂ ನನಗೆ ಬಿಡಲಿಲ್ಲ. ಪ್ರತಿ ಟಕ್‌ಗೂ ತಲೆ ಆಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ಚಿಕ್ಕವನಿದ್ದಾಗ ಪಂಕ್ಚರ್ ಆದಾಗಲೆಲ್ಲ ಹೀಗೇ ಕೂತು, ನಟ್ಟುಗಳನ್ನು ಟವೆಲ್ಲಿನಲ್ಲಿ ಹಿಡಿದುಕೊಂಡಿರುತ್ತಿದ್ದೆ.

ಸಂಜೆ ರೌಂಡ್ ಹೊರಟೆವು. ಬೀದಿ ತಿರುವು ದಾಟುವಷ್ಟರಲ್ಲಿ ಮುಂದಿನ ಬಲಗಡೆಯಿಂದ ಕರ್ರ್ ಅಂತ ಸದ್ದು. ನನ್ನ ಎದೆ ಧಸಕ್ ಅಂತು. ಅಪ್ಪ ಕಿಟಕಿ ಇಳಿಸಿ ಕಿವಿ ಹೊರಗಿಟ್ಟರು.

"ಬೇರಿಂಗ್ ಅಲ್ಲ. ಹಲ್ಲಿಗೆ ಹಲ್ಲು ತಿಕ್ತಾ ಇದೆ. ಪೂರ್ತಿ ಕೂತಿಲ್ಲ, ಪೂರ್ತಿ ಬಿಟ್ಟೂ ಇಲ್ಲ."

ಆ ಮಾತು ಕೇಳಿದ ತಕ್ಷಣ ನನಗೆ ಹೊಳೆಯಿತು. ಈ ಟ್ರಕ್ಕಿನಲ್ಲಿ ಮುಂದಿನ ಚಕ್ರವನ್ನು ಆಕ್ಸಲ್‌ಗೆ ಸೇರಿಸುವ ಹಲ್ಲಿನ ಉಂಗುರ ಒಂದಿದೆ. ಇಂಜಿನ್ ಹಿಂದಿನ ಎರಡೇ ಚಕ್ರಗಳನ್ನು ತಿರುಗಿಸುವಾಗ, ಅದರಿಂದ ಬರುವ ವ್ಯಾಕ್ಯೂಮ್, ಅಂದರೆ ಗಾಳಿಯ ಎಳೆತ, ಆ ಉಂಗುರವನ್ನು ಎಳೆದು ಬಿಡಿಸಿ ಇಟ್ಟಿರುತ್ತದೆ. ವ್ಯಾಕ್ಯೂಮ್ ಸೋರಿದರೆ ಉಂಗುರ ಅರ್ಧಂಬರ್ಧ ಮುಂದೆ ಬಂದು ಹಲ್ಲು ತಿಕ್ಕುತ್ತದೆ. ಗಾಡಿ ನಿಲ್ಲಿಸಿ ಫೋರ್ ವೀಲ್‌ಗೆ ಹಾಕಿದೆ. ನಿಧಾನಕ್ಕೆ ಹತ್ತು ಅಡಿ ಮುಂದೆ ಹೋದೆ. ಸದ್ದು ಇಲ್ಲ. ಹಲ್ಲು ಪೂರ್ತಿ ಕೂತಿತ್ತು. ಹಾಗಾದರೆ ಕಾರಣ ಅದೇ.

ಹಾಗೇ ನಿಧಾನವಾಗಿ ಮನೆಗೆ ತಂದು ಟಾರ್ಚ್ ಬಿಟ್ಟು ನೋಡಿದರೆ, ನಕಲ್ ಹಿಂದೆ ಕಿರುಬೆರಳಿಗಿಂತ ಸಣ್ಣ ರಬ್ಬರ್ ಪೈಪು ಕಳಚಿ ನೇತಾಡುತ್ತಿತ್ತು. ನಕಲ್ ವಾಲಿದಾಗ ಎಳೆದು ಬಂದಿರಬೇಕು. ಮತ್ತೆ ಒತ್ತಿ ಕೂರಿಸಿದೆ. ಇಂಜಿನ್ ಚಾಲೂ ಮಾಡಿ ಮತ್ತೆ ಅದೇ ಬೀದಿಯಲ್ಲಿ ಓಡಿಸಿದೆ. ಟೈರಿನ ಗುಂಯ್ ಅನ್ನೋ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇದೇ ಸದ್ದಲ್ಲಿ ದಿನಗಟ್ಟಲೆ ಓಡಿಸಿದ್ದರೆ ಆ ಹಲ್ಲುಗಳೇ ಸವೆದು ಹೋಗುತ್ತಿದ್ದವು.

ಕತ್ತಲಾದ ಮೇಲೆ ಹೆಡ್‌ಲೈಟ್. ಬೆಳಕು ಬೆಳಿಗ್ಗೆ ಅಂಟಿಸಿದ ಟೇಪ್‌ಗಿಂತ ಎಷ್ಟೋ ಮೇಲೆ ಬೀಳುತ್ತಿತ್ತು. ಮೂತಿ ಎದ್ದ ಮೇಲೆ ದೀಪವೂ ತಲೆ ಎತ್ತುತ್ತದೆ. ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ತಿಪಟೂರು-ಅರಸೀಕೆರೆ ರಸ್ತೆಯಲ್ಲಿ ರಾತ್ರಿ ಹೊತ್ತು ಎಷ್ಟು ಸಲ ಎದುರಿನ ಲಾರಿಯ ದೀಪಕ್ಕೆ ಕಣ್ಣು ಕುರುಡಾಗಿ ಮಣ್ಣಿಗೆ ಇಳಿಸಿದ್ದೀನಿ ಅಂತ ಅಪ್ಪ ಅವತ್ತು ಹೇಳಿದರು. ನನಗೆ ಮೊದಲು ಯಾವತ್ತೂ ಹೇಳಿರಲಿಲ್ಲ. ಸ್ಕ್ರೂ ತಿರುಗಿಸಿ ಬೆಳಕನ್ನು ಕೆಳಗಿಳಿಸಿದೆವು. ದೀಪದ ಎತ್ತರವೇ ಏರಿರುವುದರಿಂದ ಅಷ್ಟನ್ನು ಲೆಕ್ಕಕ್ಕೆ ಹಿಡಿದು ಟೇಪನ್ನೂ ಸ್ವಲ್ಪ ಮೇಲೆ ಸರಿಸಿದ್ದೆ.

ಸೋಮವಾರ ಅಲೈನ್‌ಮೆಂಟ್ ಮಾಡಿಸಿದೆ. ಮುಂದೆ ಎತ್ತರಿಸಿದ ಮೇಲೆ ಚಕ್ರಗಳ ದಿಕ್ಕು, ವಾಲಿಕೆ ಎರಡೂ ಬದಲಾಗಿರುತ್ತವೆ. ಮಾಡಿಸದೆ ಓಡಿಸಿದರೆ ಹೊಸ ಟೈರು ಒಂದೇ ಕಡೆ ತಿಂದು ಹೋಗುತ್ತದೆ. ನೂರು ಮೈಲಿ ಆದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ನೋಡಿದೆವು. ಎರಡು ನಟ್ಟು ಸ್ವಲ್ಪ ತಿರುಗಿದವು. ಪೆಟ್ರೋಲ್ ಮೊದಲಿಗಿಂತ ಜಾಸ್ತಿ ಕುಡಿಯುತ್ತಿದೆ, ಅದನ್ನು ಮುಚ್ಚಿಡಲ್ಲ. ಭಾರದ ಟೈರು, ಎತ್ತರದ ಮೂತಿ, ಎರಡಕ್ಕೂ ಕೊಡಬೇಕಾದ ಬೆಲೆ ಅದು.

ಮುಂದಿನ ಶನಿವಾರ ಹಿತ್ತಲಿಗೆ ಗೊಬ್ಬರ ತರಲು ಹೋದೆವು. ಇಲ್ಲಿಯ ಮಣ್ಣು ಕೆಂಪು ಜೇಡಿ, ಅಪ್ಪನಿಗೆ ಅದರಲ್ಲಿ ಮೆಂತ್ಯ ಹಾಕಿ ನೋಡಬೇಕಿತ್ತು. 40 ಪೌಂಡಿನ ಹತ್ತು ಮೂಟೆ, ಹತ್ತಿರ ಹತ್ತಿರ 180 ಕೆಜಿ. ಮನೆಗೆ ಬಂದು ಇಳಿಸುವ ಮೊದಲು ಅಪ್ಪ ಜೇಬಿನಿಂದ ಟೇಪ್ ತೆಗೆದರು. ಟೈರು ದೊಡ್ಡದಾಗಿದ್ದರಿಂದ ನಾಲ್ಕೂ ಕಡೆ ಅರ್ಧ ಇಂಚು ಏರಿ, ಖಾಲಿ ಇದ್ದಾಗ ಮುಂದೆ 39, ಹಿಂದೆ ಮೂವತ್ತೊಂಬತ್ತೂವರೆ ಇತ್ತು. ಈಗ ಮುಂದೆ 39, ಹಿಂದೆ 38 ಮುಕ್ಕಾಲು.

"ಹತ್ತೇ ಮೂಟೆಗೆ ಮುಕ್ಕಾಲು ಇಂಚು ಕೂತಿದೆ" ಅಂದರು. "ನೀನು ಎರಡೂವರೆದು ಹಾಕಿದ್ರೆ ಮುಂದೆ ಎಷ್ಟಿರೋದು?"

"ನಲವತ್ತು."

ಅಪ್ಪ ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡು, ಡಾಲಾ ಇಳಿಸಿ, ಮೊದಲನೇ ಮೂಟೆಯ ಒಂದು ತುದಿ ಹಿಡಿದರು. ಇನ್ನೊಂದು ತುದಿ ನಾನು ಹಿಡಿದೆ.