ಪಿಟೀಲಿನಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? ನನ್ನ ಉತ್ತರ ಚೌಡಯ್ಯ

"ಸರ್ರ, ಜಗತ್ತಿನಾಗ ಎಲ್ಲಾರಕಿಂತ ದೊಡ್ಡ ಪಿಟೀಲು ಬಾರ್ಸೋರು ಯಾರ್ರಿ?"

ರಾಯಚೂರಿನಲ್ಲಿ ಪಿಟೀಲು ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಈ ಪ್ರಶ್ನೆ ಕಿವಿಗೆ ಬೀಳದ ತಿಂಗಳಿಲ್ಲ. ಹೊಸದಾಗಿ ಸೇರಿದ ಮಕ್ಕಳು ಕೇಳುತ್ತಾರೆ. ಅವರನ್ನು ಬಿಡಲು ಬಂದ ಅಪ್ಪ ಅಮ್ಮ ಕೇಳುತ್ತಾರೆ. ಮಠದಲ್ಲಿ ದಾಸರ ಪದಗಳಿಗೆ ನುಡಿಸಿ, ವಾದ್ಯ ಪೆಟ್ಟಿಗೆಯೊಳಗೆ ಇಡುವಾಗ ಪಕ್ಕದಲ್ಲಿ ಕೂತ ಹಿರಿಯರೂ ಕೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ಕೇಳಿದವನು ಹತ್ತು ವರ್ಷದ ಹುಡುಗ. ಮೊಬೈಲಿನಲ್ಲಿ ಯಾರೋ ಮಿಂಚಿನ ಹಾಗೆ ನುಡಿಸುವುದನ್ನು ನೋಡಿಕೊಂಡು ಬಂದಿದ್ದ. ನಾನು "ಚೌಡಯ್ಯ" ಅಂದೆ. ಹುಡುಗನ ಮುಖ ಸಪ್ಪಗಾಯಿತು. ಆ ಹೆಸರನ್ನೇ ಅವನು ಕೇಳಿರಲಿಲ್ಲ.

ಅವತ್ತು ಅವನಿಗೆ ಅರ್ಧ ಉತ್ತರ ಮಾತ್ರ ಹೇಳಿದ್ದೆ. ಪೂರ್ತಿ ಇಲ್ಲಿ ಹೇಳುತ್ತೇನೆ.

ಅವನು ನೋಡಿಕೊಂಡು ಬಂದಿದ್ದು ಪಗನಿನಿಯ ರಚನೆ. ನಿಕೊಲೊ ಪಗನಿನಿ 1782ರಲ್ಲಿ ಇಟಲಿಯ ಜಿನೋವಾದಲ್ಲಿ ಹುಟ್ಟಿದವನು. ಒಂದೇ ತಂತಿಯ ಮೇಲೆ ಇಡೀ ರಚನೆ ನುಡಿಸಿ ತೋರಿಸುತ್ತಿದ್ದ. ಇದು ಮನುಷ್ಯರ ಕೈಲಿ ಆಗುವ ಕೆಲಸವಲ್ಲ, ಇವನು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ ಅಂತ ಜನ ಆಡಿಕೊಂಡರು. ಆ ಮಾತು ಅವನನ್ನು ಸತ್ತ ಮೇಲೂ ಬಿಡಲಿಲ್ಲ. 1840ರಲ್ಲಿ ನೀಸ್ ಊರಿನಲ್ಲಿ ತೀರಿಕೊಂಡಾಗ ಮಣ್ಣು ಮಾಡಲು ಚರ್ಚು ಒಪ್ಪಲಿಲ್ಲ. ಕೊನೆಗೆ ಪಾರ್ಮಾ ಊರಿನಲ್ಲಿ ನೆಲೆ ಸಿಕ್ಕಿದ್ದು 1876ರಲ್ಲಿ. ಮೂವತ್ತಾರು ವರ್ಷ! ಅಷ್ಟು ಚೆನ್ನಾಗಿ ನುಡಿಸಿದ್ದೇ ತಪ್ಪಾಯಿತೇನೋ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಅವನ ಪಿಟೀಲು ಇವತ್ತಿಗೂ ಜಿನೋವಾದಲ್ಲಿದೆ. ಗ್ವಾರ್ನೇರಿ ಎಂಬ ಕುಶಲಕರ್ಮಿ 1743ರಲ್ಲಿ ಮಾಡಿದ್ದು. ಪಗನಿನಿ ಅದನ್ನು "ತೋಪು", ಅಂದರೆ ಫಿರಂಗಿ, ಅಂತ ಕರೆಯುತ್ತಿದ್ದ, ಅದರ ದನಿ ಅಷ್ಟು ದೊಡ್ಡದು. ಈ ತೋಪಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1820ರಲ್ಲಿ ಅಚ್ಚಾದ ಅವನ 24 ಕಿರು ರಚನೆಗಳನ್ನು, ಅಂದರೆ ಕ್ಯಾಪ್ರಿಸ್‌ಗಳನ್ನು ಪಶ್ಚಿಮದಲ್ಲಿ ಪಿಟೀಲನ್ನು ಗಂಭೀರವಾಗಿ ಕಲಿಯುವವರು ಇವತ್ತಿಗೂ ಉಜ್ಜುತ್ತಾರೆ. ಆದರೆ ಅವನ ಶಿಷ್ಯ ಅಂತ ಹೆಸರು ಮಾಡಿದವನು ಕಮಿಲ್ಲೊ ಸಿವೋರಿ ಒಬ್ಬನೇ. ವಿದ್ಯೆ ಕಾಗದದ ಮೇಲೆ ಉಳಿಯಿತು, ಕೈಯಿಂದ ಕೈಗೆ ಹೋಗಿದ್ದು ಕಮ್ಮಿ. ಲಿಯೋಪೋಲ್ಡ್ ಆವರ್ ಇದಕ್ಕೆ ತಿರುಗುಮುರುಗು. ಅವರ ವಾದನಕ್ಕಿಂತ ಅವರ ಪಾಠಶಾಲೆ ದೊಡ್ಡದು. ಹೈಫೆಟ್ಜ್, ಎಲ್ಮನ್, ಮಿಲ್‌ಸ್ಟೀನ್ ಈ ಮೂವರು ಹೆಸರಾಂತ ಪಿಟೀಲುವಾದಕರೂ ಅವರ ಕೈಯಲ್ಲಿ ತಯಾರಾದವರು.

ಯೋವಾಖಿಮ್ ಕಥೆಯನ್ನಂತೂ ನಾನು ಎಲ್ಲ ಮಕ್ಕಳಿಗೂ ಹೇಳುತ್ತೇನೆ. ಬೀಥೋವನ್ 1806ರಲ್ಲಿ ಒಂದು ಪಿಟೀಲು ಕಂಚರ್ಟೊ, ಅಂದರೆ ಪಿಟೀಲು ಮುಂದೆ ವಾದ್ಯವೃಂದ ಜೊತೆಗೆ ಇರುವ ರಚನೆ, ಬರೆದ. ಮೊದಲ ಸಲ ನುಡಿಸಿದ ಮೇಲೆ ಅದನ್ನು ಕೇಳುವವರು ಹೆಚ್ಚು ಇರಲಿಲ್ಲ, ಸುಮ್ನೆ ಮೂಲೆಗೆ ಬಿತ್ತು. 1844ರಲ್ಲಿ ಲಂಡನ್ನಿನಲ್ಲಿ ಯೋಸೆಫ್ ಯೋವಾಖಿಮ್ ಅದನ್ನು ಎತ್ತಿಕೊಂಡು ನುಡಿಸಿದ. ಆಗ ಅವನಿಗೆ 12 ವರ್ಷ. ವಾದ್ಯವೃಂದ ನಡೆಸಿದವರು ಮೆಂಡೆಲ್‌ಸನ್. ಬೀಥೋವನ್ ತೀರಿಹೋಗಿ ಹದಿನೇಳು ವರ್ಷವಾಗಿತ್ತು. ಇವತ್ತು ಆ ಕಂಚರ್ಟೊ ಗೊತ್ತಿಲ್ಲದ ಪಿಟೀಲುವಾದಕರು ಪಶ್ಚಿಮದಲ್ಲಿ ಇಲ್ಲ. ಹನ್ನೆರಡು ಅಂದರೆ ಆರನೇ ಏಳನೇ ಕ್ಲಾಸಿನ ವಯಸ್ಸಲ್ವಾ?

ಪಶ್ಚಿಮದ ಇನ್ನೊಬ್ಬ ಪಿಟೀಲುವಾದಕ ಯೆಹೂದಿ ಮೆನುಹಿನ್‌ರನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1945ರಲ್ಲಿ, ಯುದ್ಧ ಮುಗಿದ ಮೇಲೆ, ನಾಜಿಗಳ ಬರ್ಗನ್-ಬೆಲ್ಸನ್ ಸೆರೆ ಶಿಬಿರದಲ್ಲಿ ಜೀವ ಹಿಡಿದು ಉಳಿದವರ ಮುಂದೆ ನುಡಿಸಿದವರು ಅವರು. 1952ರಲ್ಲಿ ನೆಹರೂ ಕರೆದರು ಅಂತ ಭಾರತಕ್ಕೆ ಬಂದರು. ಇಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ ಸಿಕ್ಕರು, ನಮ್ಮ ಕೋಲಾರ ಸೀಮೆಯ ಬೆಳ್ಳೂರಿನವರು. ಅವರ ಹತ್ತಿರ ಮೆನುಹಿನ್ ಯೋಗ ಕಲಿತರು. ಆಮೇಲೆ ಅವರಿಗೊಂದು ಕೈಗಡಿಯಾರ ಕೊಟ್ಟರು. ಅದರ ಮೇಲೆ ತನ್ನ ಅತ್ಯುತ್ತಮ ಪಿಟೀಲು ಗುರುವಿಗೆ ಅಂತ ಕೆತ್ತಿಸಿದ್ದರು. ಅಯ್ಯಂಗಾರ್ ಕಲಿಸಿದ್ದು ಪಿಟೀಲಲ್ಲ. ಆದರೆ ಭುಜ ಬಿಗಿದರೆ ಕಮಾನು ನಡುಗುತ್ತದೆ, ಉಸಿರು ಬಿಗಿದರೆ ಸ್ವರ ಒಣಗುತ್ತದೆ. ಇದು ಮೂರು ತಿಂಗಳು ಕಲಿತ ಮಗುವಿಗೂ ಗೊತ್ತಾಗುತ್ತದೆ. ಮೆನುಹಿನ್ ಆ ಮಾತನ್ನು ಯಾಕೆ ಕೆತ್ತಿಸಿದರು ಅಂತ ಪಿಟೀಲು ಹಿಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಇವರನ್ನೆಲ್ಲ ಬಿಟ್ಟು ಚೌಡಯ್ಯ ಯಾಕೆ? ಅದಕ್ಕೆ ಮೊದಲು ಪಿಟೀಲು ನಮ್ಮ ಕಡೆ ಬಂದ ಬಗೆ ಹೇಳಬೇಕು.

ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಮದ್ರಾಸಿನ ಹತ್ತಿರದ ಮಣಲಿಯಲ್ಲಿದ್ದಾಗ ಯುರೋಪಿನ ವಾದಕರೊಬ್ಬರ ಹತ್ತಿರ ಪಿಟೀಲು ಕಲಿತರು. ಕಲಿತದ್ದನ್ನು ಹಾಗೇ ಇಟ್ಟುಕೊಳ್ಳಲಿಲ್ಲ, ಕರ್ನಾಟಕ ಸಂಗೀತಕ್ಕೆ ತಂದರು. ತಂಜಾವೂರಿನ ವಡಿವೇಲು ಅದನ್ನು ಇನ್ನೂ ಗಟ್ಟಿ ಮಾಡಿದರು. ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ಅವರಿಗೆ ದಂತದ ಪಿಟೀಲು ಕೊಟ್ಟು ಗೌರವಿಸಿದರು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ಕೂರುವ ರೀತಿಯಲ್ಲಿ. ಪಶ್ಚಿಮದಲ್ಲಿ ನಿಂತು ಅಥವಾ ಕುರ್ಚಿಯಲ್ಲಿ ಕೂತು, ಗದ್ದಕ್ಕೂ ಭುಜಕ್ಕೂ ನಡುವೆ ವಾದ್ಯ ಹಿಡಿಯುತ್ತಾರೆ. ನಾವು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರುತ್ತೇವೆ. ಇನ್ನೊಂದು ತುದಿ ಎದೆಗೆ ಆತುಕೊಳ್ಳುತ್ತದೆ. ಈಗ ನೋಡಿ, ಎಡಗೈಗೆ ವಾದ್ಯ ಹೊರುವ ಕೆಲಸವೇ ಇಲ್ಲ. ಬೆರಳು ತಂತಿಯ ಉದ್ದಕ್ಕೂ ಜಾರಬಹುದು. ತೋಡಿ ರಾಗದ ಗಾಂಧಾರ ಸ್ವರವನ್ನು ಒಂದು ಕಡೆ ಬೆರಳೊತ್ತಿ ಹಿಡಿದರೆ ಅದು ತೋಡಿಯೇ ಅಲ್ಲ. ಅದು ಓಲಾಡಬೇಕು. ಆ ಓಲಾಟಕ್ಕೆ ಬೆರಳು ಬಿಡುಗಡೆಯಾಗಿದ್ದು ಪಾದ ಹೊರೆ ಹೊತ್ತಿದ್ದರಿಂದ. ತಂತಿಗಳನ್ನೂ ನಮ್ಮ ಷಡ್ಜ ಪಂಚಮ, ಷಡ್ಜ ಪಂಚಮಕ್ಕೆ ಸೇರಿಸಿಕೊಂಡೆವು. ಆಮೇಲೆ ಅದನ್ನು ವಿದೇಶಿ ವಾದ್ಯ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರ ಕ್ಲಾರಿನೆಟ್ ಕೇಳಿ. ಮದುವೆ ಬ್ಯಾಂಡಿನ ಆ ವಾದ್ಯದಲ್ಲಿ ಹಿಂದುಸ್ತಾನಿ ರಾಗ ಕೇಳಿದವರಿಗೆ ಈ ಮಾತು ಕೂಡಲೇ ಹಿಡಿಸುತ್ತದೆ.

ಇನ್ನು ಚೌಡಯ್ಯ. 1895ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಮನೆಯಲ್ಲಿದ್ದು ಕಲಿತವರು. ಅವರು ನುಡಿಸಲು ಶುರು ಮಾಡಿದ ಕಾಲದಲ್ಲಿ ಕಚೇರಿಗೆ ಮೈಕ್ ಇಲ್ಲ. ಹಾಡುವವರ ಕಂಠ ಗಟ್ಟಿ, ಮೃದಂಗ ಗಟ್ಟಿ. ನಡುವೆ ನಾಲ್ಕು ತಂತಿಯ ಪಿಟೀಲಿನ ದನಿ ಮುಂದಿನ ಸಾಲಿಗೆ ಕೇಳುತ್ತದೆ, ಹಿಂದೆ ಕೂತವರಿಗೆ ಕಮಾನು ಆಡುವುದಷ್ಟೇ ಕಾಣುತ್ತದೆ. ಚೌಡಯ್ಯನವರಿಗೆ ಇದು ಸಹಿಸಲಾಗಲಿಲ್ಲ. 1920ರ ದಶಕದಲ್ಲಿ ನಾಲ್ಕಕ್ಕೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅದು ಅವರ ತೋಪು. ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠಕ್ಕೆ ಸರಿಸಮನಾಗಿ ಆ ಪಿಟೀಲು ನಿಂತಿತು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಏಳು ತಂತಿಯ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವನ್ನು ನೀವು ನೋಡಿರುತ್ತೀರಿ.

ಏಳು ತಂತಿ ಅಂತ ಬರೆಯುವುದು ಸುಲಭ. ರಾಯಚೂರಿನ ಮೇ ತಿಂಗಳಲ್ಲಿ ನಾಲ್ಕು ತಂತಿ ಶ್ರುತಿಯಲ್ಲಿ ಇಟ್ಟು ನೋಡಿ. ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿಯಲ್ಲಿ ಹನಿ ತೇವ ಇರುವುದಿಲ್ಲ. ಮರ ಒಣಗಿ ಕುಗ್ಗುತ್ತದೆ. ತಂತಿ ಬಿಗಿಯುವ ಬಿರಡೆ ತನ್ನ ತೂತಿನಲ್ಲಿ ಸಡಿಲವಾಗುತ್ತದೆ. ತಿರುವಿ ಸ್ವರ ಕೂಡಿಸಿ ಕೈ ಬಿಟ್ಟರೆ ಸರ್ರನೆ ವಾಪಸ್ ಜಾರುತ್ತದೆ. ನಾನು ಬಿರಡೆ ಬಿಚ್ಚಿ, ತೂತಿಗೆ ತಾಗುವ ಜಾಗಕ್ಕೆ ಸೀಮೆಸುಣ್ಣ ಉಜ್ಜಿ, ಒಳಕ್ಕೆ ಒತ್ತಿ ತಿರುವುತ್ತೇನೆ. ರಾತ್ರಿ ಪೆಟ್ಟಿಗೆಯ ಹತ್ತಿರ ಒಂದು ತಂಬಿಗೆ ನೀರು ಇಡುತ್ತೇನೆ. ಮಳೆಗಾಲ ಬಂತೋ, ಅದೇ ಬಿರಡೆ ಉಬ್ಬಿ ಅಲುಗಾಡುವುದಿಲ್ಲ.

ಒಂದು ವರ್ಷ ಮೇ ತಿಂಗಳ ಕಾರ್ಯಕ್ರಮ. ತಗಡಿನ ಚಪ್ಪರ. ಪಲ್ಲವಿಯ ನಡುವೆ ಪಂಚಮದ ಬಿರಡೆ ಬಿಟ್ಟುಕೊಂಡಿತು, ತಂತಿ ಜೋತುಬಿತ್ತು. ಹಾಡುತ್ತಿದ್ದವರು ಕರುಣೆಯಿಂದ ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾ ನನಗಾಗಿ ಕಾದರು. ಬೆವರಿದ ಬೆರಳಲ್ಲಿ ಬಿರಡೆ ನಿಲ್ಲಲೊಲ್ಲದು. ಒಂದು ತಂತಿಗೆ ಇಷ್ಟು ಪಾಡು. ಅವತ್ತು ರಾತ್ರಿ ಮನೆಗೆ ಬಂದು ಕೂತಾಗ ಚೌಡಯ್ಯನವರ ನೆನಪಾಯಿತು. ಇದ್ದ ನಾಲ್ಕರ ಕಾಟವೇ ಸಾಕಷ್ಟಿರುವಾಗ ಅವರು ಇನ್ನೂ ಮೂರನ್ನು ತಾವಾಗಿ ಮೈಮೇಲೆ ಹಾಕಿಕೊಂಡರು. ಕಚೇರಿಯಿಂದ ಕಚೇರಿಗೆ, ಊರಿಂದ ಊರಿಗೆ, ಏಳನ್ನೂ ಶ್ರುತಿಯಲ್ಲಿಟ್ಟರು. ಯಾರಿಗಾಗಿ? ಕಟ್ಟಕಡೆಯ ಸಾಲಿನಲ್ಲಿ ಕೂತವನಿಗಾಗಿ. ನಾವು ರಂಗನಟ ಬಳ್ಳಾರಿ ರಾಘವರ ಸೀಮೆಯವರು, ಕಂಪನಿ ನಾಟಕ ನೋಡಿ ಬೆಳೆದವರು. ಹಿಂದಿನ ಸಾಲಿಗೆ ಮಾತು ಮುಟ್ಟಿಸುವುದು ಅಂದರೆ ಏನು ಅಂತ ನಮಗೆ ಗೊತ್ತು.

ನನ್ನ ಗೆಳೆಯರೊಬ್ಬರು ಇದನ್ನು ಒಪ್ಪುವುದಿಲ್ಲ. "ಮೈಕ್ ಬಂತು, ಏಳು ತಂತಿ ಹೋಯ್ತು. ಈಗ ಎಲ್ಲಾರೂ ನಾಲ್ಕರಾಗ ಬಾರಸ್ತಾರ. ಹಂಗಾದ್ರ ಉಳದದ್ದು ಏನು?" ಅಂತಾರೆ. ಮಾತು ನಿಜ. ಇವತ್ತು ಕಚೇರಿಯಲ್ಲಿ ಏಳು ತಂತಿ ಕಾಣುವುದು ಬಹಳ ಅಪರೂಪ. ಅವರ ಮೆಚ್ಚಿನವರು ದ್ವಾರಂ ವೆಂಕಟಸ್ವಾಮಿ ನಾಯ್ಡು. ಬೆಂಗಳೂರಿನಲ್ಲಿ ಹುಟ್ಟಿ ಆಂಧ್ರದ ವಿಜಯನಗರಂನಲ್ಲಿ ಬೆಳಗಿದವರು, ಪಿಟೀಲೊಂದೇ ಮುಖ್ಯವಾಗಿ ಕೂತು ಕಚೇರಿ ನಡೆಸಬಲ್ಲದು ಅಂತ ತೋರಿಸಿದವರು. ಅದೂ ದೊಡ್ಡ ಕೆಲಸವೇ. ಲಾಲ್ಗುಡಿ ಜಯರಾಮನ್ ನುಡಿಸಿದರೆ ಸಾಹಿತ್ಯದ ಮಾತೇ ಕೇಳಿಸುತ್ತದೆ, ರಾತ್ರಿ ನಾನು ಜಾಸ್ತಿ ಕೇಳುವುದು ಅವರನ್ನೇ. ಹಿಂದುಸ್ತಾನಿ ಗಾಯಕ ಓಂಕಾರನಾಥ ಠಾಕೂರರ ಹಾಡುವ ಶೈಲಿಯನ್ನು ಪಿಟೀಲಿಗೆ ಇಳಿಸಿದ ಎನ್. ರಾಜಂ ಅವರನ್ನು ನಮ್ಮ ಹಿಂದುಸ್ತಾನಿ ಕಿವಿಯ ರಾಯಚೂರು ಬಲು ಬೇಗ ಹಚ್ಚಿಕೊಳ್ಳುತ್ತದೆ.

ಆದರೂ ಗೆಳೆಯರಿಗೆ ನಾನು ಹೇಳುವುದು ಇಷ್ಟು. ಏಳು ತಂತಿ ಹೋಗಲಿ. ಪಕ್ಕವಾದ್ಯಕ್ಕೆ ಕೂತವನೂ ಕೊನೆಯ ಸಾಲಿಗೆ ಕೇಳಿಸಬೇಕು ಅನ್ನುವ ಹಟ ಎಲ್ಲಿಗೆ ಹೋಯಿತು? ಮಕ್ಕಳು ಕಮಾನನ್ನು ಇಲಿ ಕೆರೆದ ಹಾಗೆ ಸಣ್ಣದಾಗಿ ಎಳೆದಾಗ ನಾನು ಅವರನ್ನು ಕೋಣೆಯ ಒಂದು ಗೋಡೆಗೆ ಕೂರಿಸಿ, ನಾನು ಬಾಗಿಲಾಚೆ ಹೋಗಿ ನಿಲ್ಲುತ್ತೇನೆ. "ನನಗ ಕೇಳಸ್ಲಿಕ್ಕತ್ತಿಲ್ಲ ತಮ್ಮಾ, ಪೂರಾ ಕಮಾನು ಎಳಿ" ಅನ್ನುತ್ತೇನೆ. ಈ ಪಾಠ ನನಗೆ ಯಾವ ಪುಸ್ತಕದಿಂದಲೂ ಬರಲಿಲ್ಲ. ಚೌಡಯ್ಯನವರ ಕಥೆಯಿಂದ ಬಂತು.

ಇದರಲ್ಲಿ ಒಂದಿಷ್ಟನ್ನು ಆ ಹತ್ತು ವರ್ಷದ ಹುಡುಗನಿಗೂ ಹೇಳಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ತನ್ನ ಪಿಟೀಲಿನ ಬಿರಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆ ಮಧ್ಯಾಹ್ನ ಅವನ ಷಡ್ಜ ಆಗಲೇ ಮೂರು ಸಲ ಇಳಿದಿತ್ತು.

"ಸರ್ರ, ಏಳು ತಂತಿಗೆ ಸೀಮೆಸುಣ್ಣ ಎಷ್ಟ್ ಬೇಕಾಗ್ತಿತ್ರಿ?"

ನಾನು ಡಬ್ಬಿಯಿಂದ ಒಂದು ತುಂಡು ತೆಗೆದು ಅವನ ಕೈಗೆ ಕೊಟ್ಟೆ. ಮೊದಲ ಬಿರಡೆಯನ್ನು ಅವನೇ ಬಿಚ್ಚಿದ.