ಮಧ್ಯೆ ಈ ಮೋಲ್ ಯಾಕೆ ಸರ್?

ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮೊದಲ ಪಾಠದಲ್ಲೇ ಈ ಪ್ರಶ್ನೆ ಬರುತ್ತದೆ: "ಸರ್, ಕೊಟ್ಟಿರೋದು ಗ್ರಾಂ, ಕೇಳಿರೋದೂ ಗ್ರಾಂ. ನೇರವಾಗಿ ಮಾಡಬಾರದಾ? ಮಧ್ಯೆ ಈ ಮೋಲ್ ಯಾಕೆ?"

ನಮ್ಮ ಜಿಲ್ಲೆಯಲ್ಲೇ ಸಿಗುವ ಕಬ್ಬಿಣದ ಅದಿರನ್ನು ತಗೊಳ್ಳೋಣ. ಅದರಲ್ಲಿ ಮುಖ್ಯವಾಗಿ ಇರುವುದು ಫೆರಿಕ್ ಆಕ್ಸೈಡ್, ಅಂದರೆ ಕಬ್ಬಿಣ ಮತ್ತು ಆಕ್ಸಿಜನ್ ಸೇರಿದ ವಸ್ತು. ಊದುಕುಲುಮೆಯಲ್ಲಿ ಒಂದು ಫೆರಿಕ್ ಆಕ್ಸೈಡ್ ಮೂರು ಕಾರ್ಬನ್ ಮಾನಾಕ್ಸೈಡ್ ಜೊತೆ ಸೇರಿದರೆ ಎರಡು ಕಬ್ಬಿಣ, ಮೂರು ಕಾರ್ಬನ್ ಡೈಆಕ್ಸೈಡ್ ಬರುತ್ತವೆ. ಹಾಗಂತ 1000 ಗ್ರಾಂ ಆಕ್ಸೈಡ್‌ಗೆ 2000 ಗ್ರಾಂ ಕಬ್ಬಿಣ ಅಂತ ಬರೆಯುವವರಿದ್ದಾರೆ. ಕಬ್ಬಿಣವೆಲ್ಲ ಬರಬೇಕಾದ್ದು ಆ 1000 ಗ್ರಾಂ ಒಳಗಿನಿಂದಲೇ, ಅಲ್ವಾ? ಅದರಲ್ಲೂ ಒಂದು ಪಾಲು ಆಕ್ಸಿಜನ್. ಇನ್ನು 2000 ಎಲ್ಲಿಂದ ಬರಬೇಕು?

ಸಮೀಕರಣದಲ್ಲಿರುವ ಆ ಅಂಕಿಗಳು ತೂಕ ಅಲ್ಲ, ಎಣಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಟ್ಟು, ಬೋಲ್ಟು ತೂಕದ ಮೇಲೆ ಕೊಡುತ್ತಾರೆ. ಒಂದು ಬೋಲ್ಟಿಗೆ ಎರಡು ನಟ್ಟು ಬೇಕು ಅಂತ ಕೆಜಿ ಬೋಲ್ಟಿಗೆ ಎರಡು ಕೆಜಿ ನಟ್ಟು ಯಾರೂ ತರುವುದಿಲ್ಲ. ಒಂದೊಂದರ ತೂಕ ನೋಡಿ, ಎಷ್ಟಾಗುತ್ತವೆ ಅಂತ ಲೆಕ್ಕ ಹಾಕುತ್ತಾರೆ. ಮೋಲ್ ಮಾಡುವುದು ಇದೇ ಕೆಲಸ. ಕಣಗಳು ಬಹಳ ಸಣ್ಣವು, ಅದಕ್ಕೇ 6.022 × 10²³ ಕಣಗಳನ್ನು ಒಂದು ಕಟ್ಟು ಮಾಡಿ ಎಣಿಸುತ್ತೇವೆ.

ಫೆರಿಕ್ ಆಕ್ಸೈಡಿನ ಒಂದು ಮೋಲ್ 160 ಗ್ರಾಂ. 1000 ಗ್ರಾಂ ಅಂದರೆ 6.25 ಮೋಲ್. ಒಂದಕ್ಕೆ ಎರಡರಂತೆ ಕಬ್ಬಿಣ 12.5 ಮೋಲ್. ಮೋಲ್‌ಗೆ 56 ಗ್ರಾಂನಂತೆ 700 ಗ್ರಾಂ.

ತಾಳೆ ನೋಡುವುದು ನನಗೆ ತುಂಬಾ ಇಷ್ಟ. ಇದಕ್ಕೆ ಬೇಕಾದ ಕಾರ್ಬನ್ ಮಾನಾಕ್ಸೈಡ್ 18.75 ಮೋಲ್, 525 ಗ್ರಾಂ. ಹೊರಬರುವ ಕಾರ್ಬನ್ ಡೈಆಕ್ಸೈಡ್ 825 ಗ್ರಾಂ. ಒಳಗೆ ಹೋದದ್ದು 1525, ಹೊರಗೆ ಬಂದದ್ದೂ 1525. ಒಂದು ಗ್ರಾಂ ಕೂಡ ಆಚೀಚೆ ಇಲ್ಲ!

ಇನ್ನು ಕೆಲವರು "160ಕ್ಕೆ 112 ಆದರೆ 1000ಕ್ಕೆ ಎಷ್ಟು" ಅಂತ ನೇರವಾಗಿ ಮಾಡುತ್ತಾರೆ. ಅದೂ ಸರಿಯೇ, ಸುಮ್ನೆ ಬೈಯಬೇಡಿ. ಆದರೆ 160 ಒಂದು ಮೋಲ್ ಆಕ್ಸೈಡಿನ ತೂಕ, 112 ಎರಡು ಮೋಲ್ ಕಬ್ಬಿಣದ ತೂಕ. ಮೋಲ್ ಅಲ್ಲೂ ಇದೆ, ಬರೆದಿಲ್ಲ ಅಷ್ಟೇ.

ಗಣಿಯ ಅದಿರಿನಲ್ಲಿ ಸಿಲಿಕಾ, ಮಣ್ಣು ಎಲ್ಲಾ ಸೇರಿರುತ್ತದೆ. 1000 ಗ್ರಾಂ ಅದಿರಿನಲ್ಲಿ ಆಕ್ಸೈಡ್ ಶೇಕಡಾ 80 ಅಂತ ಕೊಟ್ಟಿದ್ದರೆ ಮೊದಲು 800 ಗ್ರಾಂ ಬೇರೆ ಮಾಡಿಕೊಂಡು ಆಮೇಲೆ ಮೋಲ್‌ಗೆ ಹೋಗಿ. ಆಕ್ಸೈಡ್ 5 ಮೋಲ್, ಕಬ್ಬಿಣ 10 ಮೋಲ್, ಉತ್ತರ 560 ಗ್ರಾಂ.